ಕ್ಯಾಲೆಂಡರ್‌ನಲ್ಲಿರೋ ಆ ‘ಬ’ ಏನು? ಕೃಷ್ಣ ಪಕ್ಷದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ಪಂಚಾಂಗದ ಡಿಪಾರ್ಟ್‌ಮೆಂಟ್ ಯಾವಾಗಲೋ ನನ್ನ ತಲೆಗೆ ಬಂದ್ಬಿಟ್ಟಿದೆ. ಸಂಕಷ್ಟಿ ಯಾವತ್ತು, ಶ್ರಾದ್ಧದ ತಿಥಿ ಯಾವ ತಾರೀಖಿಗೆ ಬಂತು, ಡೆಲ್ಲಿಲಿರೋ ತಮ್ಮನ ಮಾವನ ಮನೇಲಿ ತಿಂಗಳ ಹೆಸರು ಯಾಕೆ ಬೇರೆ ಹೇಳ್ತಾರೆ, ಹೀಗೆ. ನಾನು ಪುರೋಹಿತನೂ ಅಲ್ಲ, ವಿಜ್ಞಾನಿನೂ ಅಲ್ಲ, ಬೆಳಗ್ಗೆ ಕಾಫಿ ಜೊತೆ ಪಂಚಾಂಗ ತಿರುವಿ ಹಾಕೋ ಚಟ, ರಾತ್ರಿ ಟೆರೇಸ್ ಹತ್ತಿ ಆಕಾಶ ನೋಡೋ ಚಟ, ಅಷ್ಟೇ. ಕೇಳಿದ್ದನ್ನೇ ಕೇಳ್ತಾರೆ, ಹೇಳಿದ್ದನ್ನೇ ಹೇಳ್ತೀನಿ, ಅದಕ್ಕೆ ಎಲ್ಲಾನೂ ಒಂದೇ ಕಡೆ ಬರೆದು ಹಾಕ್ತಿದೀನಿ, ಇನ್ಮೇಲೆ ಇದರ ಲಿಂಕ್ ಕಳಿಸಿ ಸುಮ್ನಾಗ್ತೀನಿ.

ಕೃಷ್ಣ ಪಕ್ಷ ಅಂದ್ರೆ ಏನು? ಒಂದೇ ಮಾತಲ್ಲಿ ಹೇಳಿ.

ಹುಣ್ಣಿಮೆ ಮುಗಿದ ಪಾಡ್ಯದಿಂದ ಹಿಡಿದು ಅಮಾವಾಸ್ಯೆ ತನಕ ಇರೋ ಹದಿನೈದು ತಿಥಿ. ಚಂದ್ರ ದಿನಾ ಒಂಚೂರು ಒಂಚೂರೇ ಕರಗ್ತಾ ಹೋಗೋ ಕಾಲ. ಉಲ್ಟಾ, ಅಮಾವಾಸ್ಯೆ ಆದ್ಮೇಲೆ ಹುಣ್ಣಿಮೆ ತನಕ ಬೆಳೆಯೋದು ಶುಕ್ಲ ಪಕ್ಷ. ಕಥೆಗಳಲ್ಲಿ ರಾಜಕುಮಾರಿ ಯಾವಾಗ್ಲೂ ‘ಶುಕ್ಲ ಪಕ್ಷದ ಚಂದ್ರನ ಹಾಗೆ’ ಬೆಳೀತಾಳಲ್ಲ, ಅದೇ. ಕೃಷ್ಣ ಪಕ್ಷದ ಚಂದ್ರನ ಹೋಲಿಕೆ ಬರೋದು ಕಾಯಿಲೆ ಬಿದ್ದೋರಿಗೆ, ಸಾಲ ಮಾಡ್ಕೊಂಡೋರ ಆಸ್ತಿಗೆ.

ಅಮಾವಾಸ್ಯೆನೂ ಕೃಷ್ಣ ಪಕ್ಷಕ್ಕೇ ಸೇರುತ್ತಾ?

ಸೇರುತ್ತೆ, ಅದೇ ಕೊನೇ ತಿಥಿ. ಹುಣ್ಣಿಮೆ ಶುಕ್ಲ ಪಕ್ಷದ ಕೊನೇದು.

ಈ ಹೆಸರಿಗೂ ಶ್ರೀಕೃಷ್ಣನಿಗೂ ಸಂಬಂಧ ಇದ್ಯಾ?

ಇಲ್ಲ. ಸಂಸ್ಕೃತದಲ್ಲಿ ಕೃಷ್ಣ ಅಂದ್ರೆ ಕಪ್ಪು, ಶುಕ್ಲ ಅಂದ್ರೆ ಬಿಳಿ. ಪಕ್ಷ ಅಂದ್ರೆ ರೆಕ್ಕೆ, ರೆಕ್ಕೆ ಇರೋದು ಪಕ್ಷಿ. ತಿಂಗಳು ಅನ್ನೋ ಹಕ್ಕಿಗೆ ಒಂದು ಬಿಳೀ ರೆಕ್ಕೆ ಒಂದು ಕರೀ ರೆಕ್ಕೆ ಅಂತ ಅಂದ್ಕೊಳ್ಳಿ. ಪಕ್ಷಕ್ಕೆ ಕಡೆ, ಬದಿ ಅನ್ನೋ ಅರ್ಥನೂ ಇದೆ, ರಾಜಕೀಯ ಪಕ್ಷ ಬಂದಿದ್ದು ಅಲ್ಲಿಂದ (ಅದರಲ್ಲೂ ಕೆಲವು ಹದಿನೈದು ದಿನಕ್ಕೊಂದ್ಸಲ ಕರಗ್ತವೆ ಬಿಡಿ). ಆದ್ರೆ ಶ್ರೀಕೃಷ್ಣ ಹುಟ್ಟಿದ್ದು ಮಾತ್ರ ಕೃಷ್ಣ ಪಕ್ಷದಲ್ಲೇ, ಶ್ರಾವಣ ಬಹುಳ ಅಷ್ಟಮಿ ಮಧ್ಯರಾತ್ರಿ. ಅವತ್ತು ಅರ್ಧ ಚಂದ್ರ ಹುಟ್ಟೋದೂ ಹೆಚ್ಚುಕಮ್ಮಿ ಮಧ್ಯರಾತ್ರಿಗೇ, ಅದಕ್ಕೇ ಆ ಹಬ್ಬದಲ್ಲಿ ಚಂದ್ರೋದಯದ ಹೊತ್ತಿಗೆ ಅರ್ಘ್ಯ ಕೊಡೋದು.

ಹಂಗಾದ್ರೆ ಕ್ಯಾಲೆಂಡರ್‌ನಲ್ಲಿ ‘ಕೃ’ ಅಂತ ಹಾಕೋ ಬದಲು ‘ಬ’ ಅಂತ ಯಾಕೆ ಹಾಕ್ತಾರೆ?

‘ಬ’ ಅಂದ್ರೆ ಬಹುಳ. ನಮ್ಮ ಕಡೆ ಮಾತಾಡುವಾಗ ಕೃಷ್ಣ ಪಕ್ಷ ಅನ್ನೋದಕ್ಕಿಂತ ಬಹುಳ ಅನ್ನೋದೇ ಜಾಸ್ತಿ, ಭಾದ್ರಪದ ಬಹುಳ ನವಮಿ, ಮಾಘ ಬಹುಳ ಚತುರ್ದಶಿ ಅಂತ. ಶುಕ್ಲ ಪಕ್ಷಕ್ಕೆ ಶುದ್ಧ, ಶಾರ್ಟಾಗಿ ‘ಶು’. ಇದೇನು ಕ್ಯಾಲೆಂಡರ್ ಕಂಪನಿಯೋರು ಕಂಡುಹಿಡಿದ ಶಾರ್ಟ್‌ಫಾರ್ಮ್ ಅಲ್ಲ, ಹಳೇ ಕನ್ನಡ ಶಾಸನಗಳಲ್ಲೂ ದಾನ ಕೊಟ್ಟ ದಿನ ಬರೆಯುವಾಗ ಸಂವತ್ಸರ, ತಿಂಗಳು, ಆಮೇಲೆ ‘ಶು’ ಇಲ್ಲಾ ‘ಬ’, ತಿಥಿ ನಂಬರು, ವಾರ ಅಂತಾನೇ ಕೆತ್ತಿರ್ತಾರೆ. ಕಲ್ಲು ಕೆತ್ತೋನಿಗೂ ಜಾಗ ಉಳಿಸೋ ಚಿಂತೆ. ಬೆಳಗಾವಿ ಧಾರವಾಡ ಕಡೆ ಮರಾಠಿ ಸಹವಾಸದಿಂದ ವದ್ಯ ಅಂತಾರೆ, ಗುಜರಾತಿಗಳು ವದ ಅಂತಾರೆ, ಹಿಂದಿಯೋರು ಬದಿ ಅಂತಾರೆ, ಎಲ್ಲಾ ಒಂದೇ. ನಮ್ಮಜ್ಜಿ ಮಾತ್ರ ಇದ್ಯಾವುದನ್ನೂ ಹೇಳದೆ ಸೀದಾ ‘ಕತ್ತಲೆ ಪಕ್ಷ’ ಅನ್ನೋರು.

ಚಂದ್ರ ಕರಗೋದು ಭೂಮಿ ನೆರಳು ಬೀಳೋದ್ರಿಂದ ಅಲ್ವಾ?

ಅಲ್ಲ, ಅಲ್ಲ, ಅಲ್ಲ. ಮೂರ್ಸಲ ಹೇಳಿದೆ, ಯಾಕಂದ್ರೆ ಇಂಜಿನಿಯರಿಂಗ್ ಓದಿದೋರೂ ಇದನ್ನೇ ಹೇಳ್ತಾರೆ. ಭೂಮಿ ನೆರಳು ಚಂದ್ರನ ಮೇಲೆ ಬಿದ್ರೆ ಅದು ಚಂದ್ರಗ್ರಹಣ, ಅದು ಹುಣ್ಣಿಮೆ ದಿನ ಮಾತ್ರ, ಅದೂ ಎಲ್ಲಾ ಹುಣ್ಣಿಮೆಗೂ ಅಲ್ಲ. ಚಂದ್ರನ ಅರ್ಧ ಭಾಗಕ್ಕೆ ಯಾವಾಗ್ಲೂ ಬಿಸಿಲು ಬೀಳ್ತಾನೇ ಇರುತ್ತೆ. ಅವನು ನಮ್ಮ ಸುತ್ತ ಸುತ್ತೋವಾಗ ಆ ಬಿಸಿಲು ಬಿದ್ದ ಅರ್ಧದಲ್ಲಿ ನಮಗೆ ಎಷ್ಟು ಕಾಣುತ್ತೆ ಅನ್ನೋದು ಮಾತ್ರ ದಿನಾ ಬದಲಾಗುತ್ತೆ. ಸಂಜೆ ಒಂದು ಬಲ್ಬ್ ಹಾಕಿ ಕಿತ್ತಲೆ ಹಣ್ಣು ಹಿಡ್ಕೊಂಡು ನಿಂತಲ್ಲೇ ಒಂದು ರೌಂಡ್ ತಿರುಗಿ ನೋಡಿ, ಎರಡೇ ನಿಮಿಷಕ್ಕೆ ಅರ್ಥ ಆಗುತ್ತೆ, ಮಕ್ಕಳಿಗೆ ತೋರ್ಸಿದ್ರೆ ಹಣ್ಣೂ ಖಾಲಿಯಾಗುತ್ತೆ.

ಪುರಾಣದ ಪ್ರಕಾರ ಕೇಳಿದ್ರೆ ಕಥೆ ಬೇರೆ. ದಕ್ಷನ ಇಪ್ಪತ್ತೇಳು ಹೆಣ್ಣುಮಕ್ಕಳನ್ನ ಚಂದ್ರ ಮದುವೆಯಾಗಿ ರೋಹಿಣಿ ಒಬ್ಬಳ ಮನೇಲೇ ಠಿಕಾಣಿ ಹೂಡಿದ, ಉಳಿದೋರು ಅಪ್ಪನ ಹತ್ರ ದೂರು ಕೊಟ್ರು, ಮಾವ ಅಳಿಯನಿಗೆ ಕ್ಷಯ ರೋಗ ಬರ್ಲಿ ಅಂತ ಶಾಪ ಹಾಕ್ದ, ಆಮೇಲೆ ಶಿವನ ದಯೆಯಿಂದ ಅರ್ಧ ತಿಂಗಳು ಕರಗೋದು ಅರ್ಧ ತಿಂಗಳು ಬೆಳೆಯೋದು ಅಂತ ರಾಜಿ ಆಯ್ತು. ಇಪ್ಪತ್ತೇಳು ಹೆಂಡ್ತೀರು ಅಂದ್ರೆ ಇಪ್ಪತ್ತೇಳು ನಕ್ಷತ್ರ. ಸೋಮನಾಥದ ಕಥೆನೂ ಇದೇ. ಕಿತ್ತಲೆ ಹಣ್ಣು ಒಂದು ಕಡೆ ಇರ್ಲಿ, ಈ ಕಥೆ ಒಂದು ಕಡೆ ಇರ್ಲಿ, ಜಗಳ ಯಾಕೆ.

ಪಂಚಾಂಗ ಇಲ್ದೆ ಆಕಾಶ ನೋಡಿ ಈಗ ಯಾವ ಪಕ್ಷ ಅಂತ ಹೇಳೋಕಾಗುತ್ತಾ?

ಆರಾಮಾಗಿ. ಸಂಜೆ ಸೂರ್ಯ ಮುಳುಗುವಾಗ ಚಂದ್ರ ಆಗ್ಲೇ ಮೇಲಿದ್ರೆ ಶುಕ್ಲ ಪಕ್ಷ. ಕತ್ತಲಾದ್ಮೇಲೆ ತಡವಾಗಿ ಪೂರ್ವದಲ್ಲಿ ಎದ್ದು ಬಂದ್ರೆ ಕೃಷ್ಣ ಪಕ್ಷ. ಹುಣ್ಣಿಮೆ ದಿನ ಸೂರ್ಯಾಸ್ತದ ಹೊತ್ತಿಗೇ ಹುಟ್ಟೋ ಚಂದ್ರ ಆಮೇಲೆ ದಿನಾ ಸುಮಾರು ಐವತ್ತು ನಿಮಿಷ ಲೇಟು, ಚೌತಿಗೆ ಒಂಬತ್ತು ಗಂಟೆ ಆಸುಪಾಸು, ಅಷ್ಟಮಿಗೆ ಮಧ್ಯರಾತ್ರಿ, ಚತುರ್ದಶಿಗೆ ಬೆಳಗಿನ ಜಾವ ಹಾಲಿನವನು ಬರೋ ಹೊತ್ತು. ಲೇಟಾಗಿ ಬಂದೋನು ಲೇಟಾಗೇ ಹೋಗ್ಬೇಕಲ್ಲ, ಅದಕ್ಕೆ ಬೆಳಗ್ಗೆ ಸ್ಕೂಲ್ ವ್ಯಾನ್‌ಗೆ ಕಾಯ್ತಾ ನಿಂತಿರೋ ಮಕ್ಕಳು ‘ಅಪ್ಪಾ ಚಂದ್ರ ಇನ್ನೂ ಮನೆಗೆ ಹೋಗಿಲ್ಲ’ ಅಂತ ಪಶ್ಚಿಮಕ್ಕೆ ಕೈ ತೋರಿಸ್ತಾರೆ ನೋಡಿ, ಅದು ಗ್ಯಾರಂಟಿ ಕೃಷ್ಣ ಪಕ್ಷದ ಮೊದಲ ವಾರ.

ಇನ್ನೊಂದು, ಬೆಳಕಿರೋ ಕಡೆ ಯಾವಾಗ್ಲೂ ಸೂರ್ಯನ ಕಡೆಗೇ ತಿರುಗಿರುತ್ತೆ. ಅಷ್ಟಮಿ ನಡುರಾತ್ರಿ ಎದ್ದು ಬರೋವಾಗ ಸೂರ್ಯ ಕೆಳಗಿರ್ತಾನೆ, ಹಾಗಾಗಿ ನಮ್ಮ ಕಡೆ ಅರ್ಧ ಚಂದ್ರ ಬಟ್ಟಲು ಇಟ್ಟ ಹಾಗೆ ಮೇಲೆ ಬರ್ತಾನೆ. ಮತ್ತೆ ಅರ್ಧ ಚಂದ್ರ ಅಂದ ತಕ್ಷಣ ಹುಣ್ಣಿಮೆಯ ಅರ್ಧ ಬೆಳಕು ಅಂದ್ಕೋಬೇಡಿ, ಸುಮಾರು ಹತ್ತನೇ ಒಂದು ಭಾಗ ಅಷ್ಟೇ. ಹಳ್ಳೀಲಿ ರಾತ್ರಿ ಗದ್ದೆಗೆ ನೀರು ಕಟ್ಟೋಕೆ ಹೋಗೋರಿಗೆ ಇದನ್ನ ಯಾರೂ ಹೇಳ್ಕೊಡ್ಬೇಕಾಗಿಲ್ಲ, ಅಷ್ಟಮಿ ದಾಟಿದ್ರೆ ಬ್ಯಾಟರಿ ಹಿಡ್ಕೊಂಡೇ ಹೋಗ್ತಾರೆ.

ಪಕ್ಷ ಅಂದ್ರೆ ಸರಿಯಾಗಿ 15 ದಿನಾನಾ?

15 ತಿಥಿ ಹೌದು, 15 ದಿನ ಅಲ್ಲ. ತಿಥಿ ಬೇರೆ ತಾರೀಖು ಬೇರೆ, ಎಲ್ಲಾ ಗೊಂದಲದ ಬೇರು ಇಲ್ಲೇ ಇರೋದು. ಚಂದ್ರ ಸೂರ್ಯನಿಂದ 12 ಡಿಗ್ರಿ ಮುಂದೆ ಹೋದ್ರೆ ಒಂದು ತಿಥಿ ಮುಗೀತು. 360 ಡಿಗ್ರಿಗೆ 30 ತಿಥಿ, ಅದರಲ್ಲಿ 180ರಿಂದ 360 ತನಕ ಇರೋದು ಕೃಷ್ಣ ಪಕ್ಷ. ಚಂದ್ರನ ದಾರಿ ಪೂರ್ತಿ ದುಂಡಗಿಲ್ಲ, ಹತ್ರ ಬಂದಾಗ ಸುಮಾರು 3,63,000 ಕಿಲೋಮೀಟರ್, ದೂರ ಹೋದಾಗ 4,05,000. ಹತ್ರ ಇದ್ದಾಗ ಜೋರಾಗಿ ಓಡ್ತಾನೆ, ದೂರ ಇದ್ದಾಗ ನಿಧಾನ. ಅದಕ್ಕೆ ಒಂದು ತಿಥಿ 19 ಗಂಟೆಗೂ ಮುಗೀಬಹುದು, 26 ಗಂಟೆನೂ ಎಳೀಬಹುದು, ಸರಾಸರಿ 23 ಗಂಟೆ 37 ನಿಮಿಷ. ಪೂರ್ತಿ ಚಾಂದ್ರಮಾಸ 29 ದಿನ 12 ಗಂಟೆ 44 ನಿಮಿಷ ಅಂದ್ರೆ ಪಕ್ಷಕ್ಕೆ ಸರಾಸರಿ 14 ದಿನ 18 ಗಂಟೆ.

ಸೂರ್ಯ ಹುಟ್ಟೋ ಹೊತ್ತಿಗೆ ಯಾವ ತಿಥಿ ಇರುತ್ತೋ ಆ ದಿನಕ್ಕೆ ಅದೇ ಹೆಸರು. ಒಂದು ತಿಥಿ ಸೂರ್ಯೋದಯ ಆದ್ಮೇಲೆ ಶುರುವಾಗಿ ಮಾರನೇ ಸೂರ್ಯೋದಯಕ್ಕೆ ಮುಂಚೇನೇ ಮುಗಿದುಹೋದ್ರೆ ಅದಕ್ಕೆ ದಿನಾನೇ ಸಿಗಲ್ಲ, ಅದು ಕ್ಷಯ ತಿಥಿ. ಎರಡು ಸೂರ್ಯೋದಯ ನುಂಗಿದ್ರೆ ವೃದ್ಧಿ. ಹಾಗಾಗಿ ಪಕ್ಷ 14 ದಿನಕ್ಕೂ ಬರುತ್ತೆ 16ಕ್ಕೂ ಬರುತ್ತೆ. ಅಪರೂಪಕ್ಕೆ ಒಂದೇ ಪಕ್ಷದಲ್ಲಿ ಎರಡು ತಿಥಿ ಕ್ಷಯ ಆಗಿ 13 ದಿನಕ್ಕೇ ಮುಗಿಯುತ್ತೆ, ಮಹಾಭಾರತದ ಭೀಷ್ಮ ಪರ್ವದಲ್ಲಿ ವ್ಯಾಸರು ಧೃತರಾಷ್ಟ್ರನಿಗೆ ಯುದ್ಧದ ಅಪಶಕುನಗಳನ್ನ ಹೇಳುವಾಗ ಹದಿಮೂರನೇ ದಿನಕ್ಕೆ ಅಮಾವಾಸ್ಯೆ ಬಂದಿದ್ದನ್ನೂ ಸೇರಿಸ್ತಾರೆ. ಟಿವಿಯೋರಿಗೆ ಆ ಪರ್ವ ಬಾಯಿಪಾಠ.

ಬೆಳಗ್ಗೆ ಕ್ಯಾಲೆಂಡರ್‌ನಲ್ಲಿ ತ್ರಯೋದಶಿ ಅಂತಿದೆ, ಅದೇ ದಿನ ಶಿವರಾತ್ರಿ ಅಂತನೂ ಇದೆ, ಪ್ರಿಂಟ್ ಮಿಸ್ಟೇಕಾ?

ಮಿಸ್ಟೇಕಲ್ಲ. ದಿನದ ಹೆಸರಿಗೆ ಸೂರ್ಯೋದಯ ಲೆಕ್ಕ, ಆದ್ರೆ ಹಬ್ಬಕ್ಕೆ ಆ ಹಬ್ಬದ ಮುಖ್ಯ ಹೊತ್ತು ಲೆಕ್ಕ. ಶಿವರಾತ್ರಿಗೆ ಮಧ್ಯರಾತ್ರೀಲಿ ಬಹುಳ ಚತುರ್ದಶಿ ಇರ್ಬೇಕು. 2025ರಲ್ಲಿ ಫೆಬ್ರವರಿ 26ರ ಬೆಳಗ್ಗೆ ಸುಮಾರು 11 ಗಂಟೆ 8 ನಿಮಿಷಕ್ಕೆ ಚತುರ್ದಶಿ ಶುರುವಾಯ್ತು, ಮಾರನೇ ದಿನ 9 ಗಂಟೆ ಒಳಗೇ ಮುಗೀತು. 26ರ ಸೂರ್ಯೋದಯಕ್ಕೆ ತ್ರಯೋದಶಿ, ಅದಕ್ಕೆ ಕ್ಯಾಲೆಂಡರ್‌ನಲ್ಲಿ ತ್ರಯೋದಶಿ. 26ರ ನಡುರಾತ್ರಿ ಚತುರ್ದಶಿ, ಅದಕ್ಕೆ ಅವತ್ತೇ ಶಿವರಾತ್ರಿ ಜಾಗರಣೆ. ಸಂಕಷ್ಟಿಗೂ ಇದೇ ಕಥೆ, ಚಂದ್ರೋದಯದ ಹೊತ್ತಿಗೆ ಚೌತಿ ಇರ್ಬೇಕು, ಎಷ್ಟೋ ಸಲ ಬೆಳಗ್ಗೆ ತದಿಗೆನೇ ಇರುತ್ತೆ.

2024ರ ದೀಪಾವಳಿ ಅಮಾವಾಸ್ಯೆ ಗಲಾಟೆ ನೆನಪಿದ್ಯಲ್ಲ? ಅಕ್ಟೋಬರ್ 31ರ ಮಧ್ಯಾಹ್ನ 3.52ಕ್ಕೆ ಅಮಾವಾಸ್ಯೆ ಬಂತು, ನವೆಂಬರ್ 1ರ ಸಂಜೆ 6.16ಕ್ಕೆ ಹೋಯ್ತು. ಲಕ್ಷ್ಮೀ ಪೂಜೆಗೆ ಸಂಜೆ ಪ್ರದೋಷದಲ್ಲಿ ಅಮಾವಾಸ್ಯೆ ಬೇಕು. 31ರ ಸಂಜೆ ಪೂರ್ತಿ ಇದೆ, 1ರ ಸಂಜೆ ಚೂರೇ ಚೂರು ಇದೆ. ಒಂದಷ್ಟು ಜನ 31 ಅಂದ್ರು, ಒಂದಷ್ಟು ಜನ 1 ಅಂದ್ರು, ಇಬ್ರ ಕೈಲೂ ಶಾಸ್ತ್ರ ಇತ್ತು. ನಮ್ಮ ರೋಡಿನ ಅಂಗಡಿಯೋರೊಬ್ರು ಎರಡು ದಿನಾನೂ ಪೂಜೆ ಮಾಡಿ ಎರಡು ದಿನಾನೂ ಸ್ವೀಟ್ ಹಂಚಿದ್ರು, ನನಗೆ ಕಂಡ ಅತ್ಯುತ್ತಮ ತೀರ್ಮಾನ ಅದೇ.

ನಮ್ಮ ಮನೆಯೋರು ಮಾಘ ಮಾಸದ ಶಿವರಾತ್ರಿ ಅಂತಾರೆ, ಉತ್ತರದೋರು ಫಾಲ್ಗುಣದ ಶಿವರಾತ್ರಿ ಅಂತಾರೆ. ಯಾರದ್ದು ಸರಿ?

ಇಬ್ರದ್ದೂ ಸರಿ, ದಿನಾನೂ ಒಂದೇ, ಬದಲಾಗೋದು ತಿಂಗಳ ಹೆಸರು ಮಾತ್ರ. ಅದೂ ಬರೀ ಕೃಷ್ಣ ಪಕ್ಷದಲ್ಲಿ. ಇದನ್ನೊಂದು ಅರ್ಥ ಮಾಡ್ಕೊಂಡ್ರೆ ಅರ್ಧ ಜಗಳ ಮುಗೀತು.

ಕರ್ನಾಟಕ, ಆಂಧ್ರ, ತೆಲಂಗಾಣ, ಮಹಾರಾಷ್ಟ್ರ, ಗುಜರಾತಲ್ಲಿ ತಿಂಗಳು ಮುಗಿಯೋದು ಅಮಾವಾಸ್ಯೆಗೆ, ಅದಕ್ಕೆ ಅಮಾಂತ ಅಂತಾರೆ. ಮೊದಲು ಶುದ್ಧ, ಆಮೇಲೆ ಬಹುಳ. ಉತ್ತರ ಪ್ರದೇಶ, ಬಿಹಾರ, ರಾಜಸ್ಥಾನ, ಮಧ್ಯಪ್ರದೇಶ ಕಡೆ ತಿಂಗಳು ಮುಗಿಯೋದು ಹುಣ್ಣಿಮೆಗೆ, ಅದು ಪೂರ್ಣಿಮಾಂತ. ಅವರಿಗೆ ಮೊದಲು ಕೃಷ್ಣ ಪಕ್ಷ, ಆಮೇಲೆ ಶುಕ್ಲ. ಶುಕ್ಲ ಪಕ್ಷ ಇಬ್ರಿಗೂ ಒಂದೇ ತಿಂಗಳಲ್ಲಿ ಬೀಳುತ್ತೆ, ಅದಕ್ಕೆ ಗಣೇಶನ ಹಬ್ಬ ಎಲ್ರಿಗೂ ಭಾದ್ರಪದ, ರಾಮನವಮಿ ಎಲ್ರಿಗೂ ಚೈತ್ರ, ಅಲ್ಲಿ ತಕರಾರೇ ಇಲ್ಲ. ಹುಣ್ಣಿಮೆ ದಾಟಿದ ತಕ್ಷಣ ಅವರು ಮುಂದಿನ ತಿಂಗಳಿಗೆ ಹಾರ್ತಾರೆ, ನಾವಿನ್ನೂ ಹಳೇ ತಿಂಗಳಲ್ಲೇ ಇರ್ತೀವಿ. ನಮ್ಮ ಶ್ರಾವಣ ಬಹುಳ ಅಷ್ಟಮಿ ಅವರ ಭಾದ್ರಪದ ಕೃಷ್ಣ ಅಷ್ಟಮಿ. ನಮ್ಮ ಭಾದ್ರಪದದ ಪಿತೃಪಕ್ಷ ಅವರ ಆಶ್ವಿನದ್ದು. ನಮ್ಮ ಆಶ್ವಯುಜ ಅಮಾವಾಸ್ಯೆ ದೀಪಾವಳಿ ಅವರಿಗೆ ಕಾರ್ತಿಕ ಅಮಾವಾಸ್ಯೆ.

ಅವರ ಲೆಕ್ಕದಲ್ಲಿ ಒಂದು ತಮಾಷೆ ಇದೆ. ಹೊಸ ವರ್ಷ ಅವರಿಗೂ ಚೈತ್ರ ಶುಕ್ಲ ಪಾಡ್ಯಕ್ಕೇ ಶುರು. ಆದ್ರೆ ಚೈತ್ರ ಕೃಷ್ಣ ಪಕ್ಷ ಅದಕ್ಕಿಂತ ಹದಿನೈದು ದಿನ ಮುಂಚೇನೇ, ಹೋಳಿ ಹುಣ್ಣಿಮೆ ಮಾರನೇ ದಿನಾನೇ ಬಂದಿರುತ್ತೆ. ಅಂದ್ರೆ ಚೈತ್ರ ಅರ್ಧ ಹಳೇ ವರ್ಷಕ್ಕೆ, ಅರ್ಧ ಹೊಸ ವರ್ಷಕ್ಕೆ. ನಮ್ಮದು ಯುಗಾದಿಗೆ ತಿಂಗಳೂ ಹೊಸದು ವರ್ಷವೂ ಹೊಸದು, ನೀಟಾಗಿದೆ ಅಂತ ನನ್ನ ಅಭಿಪ್ರಾಯ, ತಮ್ಮನ ಮಾವ ಒಪ್ಪಲ್ಲ.

ಅಧಿಕ ಮಾಸ ಬಂದಾಗ ಈ ಕೃಷ್ಣ ಪಕ್ಷ ಏನಾಗುತ್ತೆ?

ನಮ್ಮಲ್ಲಿ ಸಿಂಪಲ್. ಮೊದಲು ಅಧಿಕದ (ಅಂದ್ರೆ ಹೆಚ್ಚುವರಿ ತಿಂಗಳಿನ) ಶುದ್ಧ ಬಹುಳ, ಆಮೇಲೆ ನಿಜದ (ಅದೇ ಹೆಸರಿನ ಮಾಮೂಲಿ ತಿಂಗಳಿನ) ಶುದ್ಧ ಬಹುಳ. 2023ರಲ್ಲಿ ಅಧಿಕ ಶ್ರಾವಣ ಜುಲೈ 18ರಿಂದ ಆಗಸ್ಟ್ 16 ತನಕ ಇತ್ತು, ಆಮೇಲೆ ನಿಜ ಶ್ರಾವಣ. 2026ರಲ್ಲಿ ಅಧಿಕ ಜ್ಯೇಷ್ಠ, ಮೇ 17ರಿಂದ ಜೂನ್ 15. ಉತ್ತರದೋರಿಗೆ ಮಾತ್ರ ನಿಜ ಮಾಸದ ಕೃಷ್ಣ ಪಕ್ಷ ಮೊದಲು, ನಡುವೆ ಇಡೀ ಅಧಿಕ ಮಾಸ, ಆಮೇಲೆ ನಿಜದ ಶುಕ್ಲ, ಸ್ಯಾಂಡ್‌ವಿಚ್ ಥರ.

ತಾತನ ಶ್ರಾದ್ಧದ ತಿಥಿ ಹುಡುಕ್ಬೇಕು, ಮರಣದ ತಾರೀಖು ಇದ್ರೆ ಸಾಕಾ?

ತಾರೀಖು ಜೊತೆ ಹೊತ್ತೂ ಬೇಕು, ಊರೂ ಬೇಕು. ಮಾಸ, ಪಕ್ಷ, ತಿಥಿ ಮೂರೂ ಸಿಕ್ರೆ ಮುಗೀತು, ಅದರಲ್ಲಿ ಪಕ್ಷ ತಪ್ಪಿದ್ರೆ ಹದಿನೈದು ದಿನ ಆಚೆ ಈಚೆ ಆಗ್ಬಿಡುತ್ತೆ. ಹಳೇ ತಾರೀಖಿಗೆ ತಿಥಿ ತೋರಿಸೋ ಆ್ಯಪ್‌ಗಳಿವೆ, ಆದ್ರೆ ಅದರ ಸೆಟಿಂಗ್ಸಲ್ಲಿ ಅಮಾಂತನೋ ಪೂರ್ಣಿಮಾಂತನೋ ಅಂತ ಮೊದಲು ನೋಡಿ. ಸುಮಾರು ಜನ ಇದನ್ನ ನೋಡದೆ ಬಹುಳದ ತಿಥಿಗೆ ಒಂದು ತಿಂಗಳು ಮುಂದಿನ ಮಾಸದ ಹೆಸರು ಬರ್ಕೊಂಡು ಬರ್ತಾರೆ, ಮುಂದಿನ ವರ್ಷ ಶ್ರಾದ್ಧ ಒಂದು ತಿಂಗಳು ಲೇಟು.

ನಮ್ಮ ಮನೇಲೇ ಒಂದು ನಡೀತು. ತಾತನ ಅಪ್ಪನ ತಿಥಿ ಯಾವತ್ತು ಅಂತ ಯಾರಿಗೂ ನೆನಪಿಲ್ಲ, ಟ್ರಂಕಲ್ಲಿ ಒಂದು ಡೈರಿ ಸಿಕ್ತು, ಅಂಚೆಲ್ಲ ಗೆದ್ದಲು ತಿಂದಿತ್ತು, ವರ್ಷನೇ ಹೋಗಿತ್ತು. ಉಳಿದಿದ್ದು ನೀಲಿ ಇಂಕಲ್ಲಿ ಒಂದೇ ಸಾಲು, ‘ಮಾ. ಬ. 5 ಚಿತ್ತಾ’. ‘ಬ’ ಬಹುಳ, 5 ಪಂಚಮಿ, ಸರಿ. ಆದ್ರೆ ‘ಮಾ’ ಅಂದ್ರೆ ಮಾರ್ಗಶಿರನಾ ಮಾಘನಾ? ಎರಡೂ ಚಳಿಗಾಲ. ದೊಡ್ಡಪ್ಪ ಮಾರ್ಗಶಿರ ಅಂತ ಪಟ್ಟು ಹಿಡಿದ್ರು, ಅತ್ತೆ ಮಾಘ ಅಂದ್ರು. ಆಗ ನಮ್ಮ ಪುರೋಹಿತರು ಆ ‘ಚಿತ್ತಾ’ ಅನ್ನೋ ನಕ್ಷತ್ರದ ಹೆಸರಿನ ಮೇಲೆ ಬೆರಳಿಟ್ರು. ತಿಂಗಳಿಗೆ ಹೆಸರು ಬಂದಿರೋದೇ ಹುಣ್ಣಿಮೆ ಚಂದ್ರ ಯಾವ ನಕ್ಷತ್ರದ ಹತ್ರ ಇರ್ತಾನೆ ಅನ್ನೋದ್ರಿಂದ. ಮಾರ್ಗಶಿರ ಹುಣ್ಣಿಮೆಗೆ ಚಂದ್ರ ಮೃಗಶಿರ ಆಸುಪಾಸು, ಅಲ್ಲಿಂದ ದಿನಕ್ಕೊಂದು ನಕ್ಷತ್ರದ ಲೆಕ್ಕದಲ್ಲಿ ಬಹುಳ ಪಂಚಮಿಗೆ ಆಶ್ಲೇಷ, ಮಖೆ ಹತ್ರ ಬರ್ತಾನೆ. ಮಾಘ ಹುಣ್ಣಿಮೆಗೆ ಮಖೆಲಿ ಇರೋನು ಬಹುಳ ಪಂಚಮಿಗೆ ಚಿತ್ತಾ. ಅಲ್ಲಿಗೆ ಮಾಘ ಅಂತ ಇತ್ಯರ್ಥ ಆಯ್ತು, ಶಿವರಾತ್ರಿಗೆ ಒಂಬತ್ತು ತಿಥಿ ಮುಂಚೆ. ಅತ್ತೆ ಆ ವಿಷಯ ಇವತ್ತಿಗೂ ಬಿಟ್ಟಿಲ್ಲ.

ಗಣೇಶನ ಹಬ್ಬದ ದಿನ ಚಂದ್ರನ್ನ ನೋಡ್ಬಾರ್ದು, ಸಂಕಷ್ಟಿ ದಿನ ನೋಡ್ಲೇಬೇಕು, ಇದೇನು?

ಎರಡೂ ಚೌತಿನೇ, ಪಕ್ಷ ಬೇರೆ. ಹಬ್ಬದ್ದು ಶುದ್ಧ ಚೌತಿ, ಅವತ್ತು ನೋಡಿದ್ರೆ ಕಳ್ಳತನದ ಅಪವಾದ ಅಂತ ಶಮಂತಕ ಮಣಿ ಕಥೆ. ಸಂಕಷ್ಟಿ ಪ್ರತಿ ತಿಂಗಳು ಬಹುಳ ಚೌತಿ, ದಿನವಿಡೀ ಉಪವಾಸ ಇದ್ದು ಚಂದ್ರನ್ನ ನೋಡಿ ಊಟ, ಮಂಗಳವಾರ ಬಿದ್ರೆ ಅಂಗಾರಕ ಸಂಕಷ್ಟಿ. ಗಮನಿಸಿದ್ರೆ ಚೆನ್ನಾಗಿದೆ, ಶುದ್ಧ ಚೌತಿ ಚಂದ್ರ ಪಶ್ಚಿಮದಲ್ಲಿ ಮುಳುಗೋದೂ ರಾತ್ರಿ ಒಂಬತ್ತರ ಆಸುಪಾಸು, ಬಹುಳ ಚೌತಿ ಚಂದ್ರ ಪೂರ್ವದಲ್ಲಿ ಹುಟ್ಟೋದೂ ಒಂಬತ್ತರ ಆಸುಪಾಸು. ಒಬ್ಬ ಹೋಗಲಿ ಅಂತ ಕಾಯೋದು, ಇನ್ನೊಬ್ಬ ಬರಲಿ ಅಂತ ಕಾಯೋದು. ಕಾಲ ನೋಡ್ಕೊಂಡು 8ರಿಂದ 10ರ ಒಳಗೆ ಬರ್ತಾನೆ, ಆಷಾಢ ಶ್ರಾವಣದಲ್ಲಿ ಮಾತ್ರ ಮೋಡ. ಅಮ್ಮ ಟೆರೇಸಲ್ಲಿ ಒಂದು ಕೈಲಿ ಅರ್ಘ್ಯದ ಲೋಟ ಇನ್ನೊಂದು ಕೈಲಿ ಫೋನು ಹಿಡ್ಕೊಂಡು ಮೈಸೂರಲ್ಲಿರೋ ಚಿಕ್ಕಮ್ಮನಿಗೆ ‘ನಿಮ್ಮಲ್ಲಿ ಕಂಡ್ನಾ’ ಅಂತ ಕೇಳೋದು, ಅಲ್ಲಿ ಕಂಡ್ರೆ ಇಲ್ಲಿ ಊಟ. ಶಾಸ್ತ್ರದಲ್ಲಿ ನೆಟ್‌ವರ್ಕ್ ಕನೆಕ್ಷನ್ ಬಗ್ಗೆ ಏನೂ ಹೇಳಿಲ್ಲ, ನಾವೂ ಕೇಳಿಲ್ಲ.

‘ಇವತ್ತು ನಮ್ಮನೇಲಿ ಪಕ್ಷ’ ಅಂತಾರಲ್ಲ, ಅದ್ಯಾವ ಪಕ್ಷ?

ಅದು ಪಿತೃಪಕ್ಷ, ಭಾದ್ರಪದ ಬಹುಳ. ವರ್ಷದಲ್ಲಿ ಹನ್ನೆರಡು ಕೃಷ್ಣ ಪಕ್ಷ ಇದ್ರೂ ಬರೀ ಪಕ್ಷ ಅಂದ್ರೆ ಹಳೇ ಮೈಸೂರು ಕಡೆ ಅದೊಂದೇ. ತೀರಿಕೊಂಡ ತಿಥಿಗೆ ಅಥವಾ ಯಾವ ತಿಥಿನೂ ಆಗ್ಲಿಲ್ಲ ಅಂದ್ರೆ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡೋದು. ನವಮಿ ಮುತ್ತೈದೆಯರಾಗಿ ಹೋದೋರಿಗೆ ಅಂದ್ರೆ ಅವಿಧವಾ ನವಮಿ, ಚತುರ್ದಶಿ ಅಪಘಾತ, ಆಯುಧದಿಂದ ಸತ್ತೋರಿಗೆ. ಎಡೇಲಿ ಏನಿಡ್ತಾರೆ ಅನ್ನೋದು ಮನೆಮನೆಗೂ ಬೇರೆ. ಕೆಲವರ ಮನೇಲಿ ವಡೆ ಪಾಯಸ, ಬೆಂಗಳೂರು, ಮಂಡ್ಯ ಸುತ್ತಮುತ್ತ ಎಷ್ಟೋ ಮನೇಲಿ ಮಟನ್ ಸಾರು, ತಾತನಿಗೆ ಇಷ್ಟ ಅಂತ ಬೀಡಿ ಕಟ್ಟು, ಹೊಸ ಪಂಚೆ. ಮಹಾಲಯ ಅಮಾವಾಸ್ಯೆ ಬೆಳಗ್ಗೆ ಮಟನ್ ಅಂಗಡಿ ಮುಂದೆ ಕ್ಯೂ ನೋಡ್ಬೇಕು ನೀವು. ಅದೇ ಹದಿನೈದು ದಿನ ಬೈಕ್ ಶೋರೂಮು, ಚಿನ್ನದಂಗಡಿ ಖಾಲಿ.

ಕೃಷ್ಣ ಪಕ್ಷ ಪೂರ್ತಿ ಅಶುಭಾನಾ? ಗೃಹಪ್ರವೇಶ ಮಾಡ್ಬಾರ್ದಾ?

ಹಂಗೇನಿಲ್ಲ. ಮುಹೂರ್ತ ಇಡೋರು ಬಹುಳ ಪಂಚಮಿ ತನಕ ಚಂದ್ರನಿಗೆ ಬಲ ಇದೆ ಅಂತಾನೇ ಲೆಕ್ಕ ಹಾಕ್ತಾರೆ, ದಶಮಿ ತನಕ ಪರವಾಗಿಲ್ಲ ಅಂತಾರೆ, ತ್ರಯೋದಶಿಯಿಂದ ಅಮಾವಾಸ್ಯೆ ತನಕ ಕೈ ಹಾಕಲ್ಲ. ನಿಮ್ಮ ಪುರೋಹಿತರನ್ನ ಕೇಳಿ, ನನ್ನನ್ನಲ್ಲ. ನನ್ನ ಪ್ರಕಾರ ನಮ್ಮ ದೊಡ್ಡ ಹಬ್ಬಗಳ ಲಿಸ್ಟ್ ನೋಡಿದ್ರೇ ಉತ್ತರ ಸಿಗುತ್ತೆ. ಕೃಷ್ಣಾಷ್ಟಮಿ, ಶಿವರಾತ್ರಿ, ನರಕ ಚತುರ್ದಶಿ, ಲಕ್ಷ್ಮೀ ಪೂಜೆ ಎಲ್ಲಾ ಬಹುಳದ್ದೇ. ಅಮಾವಾಸ್ಯೆಗಳನ್ನ ತಗೊಳ್ಳಿ, ಜ್ಯೇಷ್ಠದಲ್ಲಿ ಉತ್ತರ ಕರ್ನಾಟಕದೋರ ಮಣ್ಣೆತ್ತಿನ ಅಮಾವಾಸ್ಯೆ, ಆಷಾಢದಲ್ಲಿ ಭೀಮನ ಅಮಾವಾಸ್ಯೆ, ಮಾರ್ಗಶಿರದಲ್ಲಿ ಎಳ್ಳು ಅಮಾವಾಸ್ಯೆ. ಎಳ್ಳು ಅಮಾವಾಸ್ಯೆಗೆ ಹೊಲಕ್ಕೆ ಬುತ್ತಿ ಕಟ್ಕೊಂಡು ಹೋಗಿ, ಸಜ್ಜೆ ಕಡುಬು, ಭಜ್ಜಿ, ಸಜ್ಜೆ ರೊಟ್ಟಿ ಎಲ್ಲಾ ಕಲಸಿ ‘ಹುಲ್ಲುಲ್ಲಿಗೋ ಚಳಂಬ್ರಿಗೋ’ ಅಂತ ಕೂಗ್ತಾ ಬೆಳೆ ಮೇಲೆ ಚರಗ ಚೆಲ್ಲೋದನ್ನ ಒಂದ್ಸಲ ನೋಡಿದೋರು ಅಮಾವಾಸ್ಯೆನ ಅಪಶಕುನ ಅನ್ನಲ್ಲ.

ಬಿದಿರು, ಮರ ಕತ್ತಲೆ ಪಕ್ಷದಲ್ಲೇ ಕಡೀಬೇಕು ಅಂತಾರೆ, ನಿಜಾನಾ?

ಮಲೆನಾಡಲ್ಲಿ ತುಂಬಾ ಜನ ಹಾಗೇ ನಂಬ್ತಾರೆ, ಬೆಳಕಿನ ಪಕ್ಷದಲ್ಲಿ ಕಡಿದ್ರೆ ಕುಟ್ಟೆ ಹಿಡಿಯುತ್ತೆ ಅಂತ. ಕುಟ್ಟೆ ಹುಳ ಬರೋದು ಬಿದಿರೊಳಗಿನ ಪಿಷ್ಟ ತಿನ್ನೋಕೆ, ಅದಕ್ಕೇ ಕಡಿದ ಬಿದಿರನ್ನ ಹೊಳೇಲಿ ವಾರಗಟ್ಟಲೆ ಮುಳುಗಿಸಿಡೋ ಪದ್ಧತಿನೂ ಇದೆ. ನಾನಾದ್ರೆ ಮುಳುಗಿಸೋದನ್ನ ಬಿಡಲ್ಲ, ಪಕ್ಷ ಯಾವುದಾದ್ರೂ ಆಗ್ಲಿ. ಸಮುದ್ರದ ವಿಷಯದಲ್ಲಿ ಮಾತ್ರ ನಂಬಿಕೆ ಪ್ರಶ್ನೆನೇ ಇಲ್ಲ, ಅಮಾವಾಸ್ಯೆ ಹುಣ್ಣಿಮೆ ಆಸುಪಾಸು ಉಬ್ಬರ ಇಳಿತ ಜೋರು, ಅಷ್ಟಮಿ ಆಸುಪಾಸು ಸಪ್ಪೆ.

ಉಡುಪೀಲಿ ಕೃಷ್ಣಾಷ್ಟಮಿ ಯಾಕೆ ಒಂದೊಂದ್ಸಲ ಒಂದು ತಿಂಗಳು ತಡ?

ಅಲ್ಲಿ ಸೌರಮಾನ, ಅಂದ್ರೆ ಸೂರ್ಯ ರಾಶಿ ಬದಲಿಸೋ ಸಂಕ್ರಮಣದಿಂದ ತಿಂಗಳು ಶುರು. ಸಿಂಹ ಮಾಸದಲ್ಲಿ, ಅಂದ್ರೆ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದ ತನಕ, ಬರೋ ಬಹುಳ ಅಷ್ಟಮಿನೇ ಅವರಿಗೆ ಅಷ್ಟಮಿ. 2025ರಲ್ಲಿ ಶ್ರಾವಣ ಬಹುಳ ಅಷ್ಟಮಿ ಆಗಸ್ಟ್ 16ಕ್ಕೇ ಬಂದ್ಬಿಡ್ತು, ಸಿಂಹ ಸಂಕ್ರಮಣ ಮಾರನೇ ದಿನ, ಒಂದೇ ದಿನದಲ್ಲಿ ಮಿಸ್ಸು. ಹಾಗಾಗಿ ಉಡುಪೀಲಿ ಸೆಪ್ಟೆಂಬರ್ 14ಕ್ಕೆ ಅಷ್ಟಮಿ, 15ಕ್ಕೆ ಮೊಸರು ಕುಡಿಕೆ ಒಡೆಯೋ ವಿಟ್ಲಪಿಂಡಿ. ಚಾಂದ್ರಮಾನದೋರಿಗೆ ಆಗ ಪಿತೃಪಕ್ಷ ನಡೀತಿತ್ತು, ಇಲ್ಲಿ ಎಡೆ, ಅಲ್ಲಿ ಮೊಸರು ಕುಡಿಕೆ.

ನಾವು ಅಮೆರಿಕದಲ್ಲಿದೀವಿ, ಊರಿನ ಕ್ಯಾಲೆಂಡರೇ ಫಾಲೋ ಮಾಡ್ಬಹುದಾ?

ಬೇಡ. ತಿಥಿ ಶುರುವಾಗೋ ಕ್ಷಣ ಪ್ರಪಂಚಕ್ಕೆಲ್ಲ ಒಂದೇ, ಗಡಿಯಾರ ಬೇರೆ. ಆ 2025ರ ಶಿವರಾತ್ರಿ ಚತುರ್ದಶಿ ಇಲ್ಲಿ 26ರ ಬೆಳಗ್ಗೆ 11.08ಕ್ಕೆ ಬಂದ್ರೆ ಕ್ಯಾಲಿಫೋರ್ನಿಯಾದಲ್ಲಿ ಆಗ ಇನ್ನೂ 25ರ ರಾತ್ರಿ 9.38. ಸೂರ್ಯೋದಯ, ಚಂದ್ರೋದಯ ನಿಮ್ಮೂರಿನದ್ದೇ ಹಾಕಿ ಲೆಕ್ಕ ಮಾಡಿರೋ ಪಂಚಾಂಗ ನೋಡಿ, ಅಲ್ಲಿನ ದೇವಸ್ಥಾನಗಳಲ್ಲಿ ಸಿಗುತ್ತೆ. ಸಿಡ್ನಿ, ಮೆಲ್ಬರ್ನ್‌ನಲ್ಲಿರೋರಿಗೆ ಇನ್ನೊಂದು ಮಜಾ, ಅಲ್ಲಿ ಚಂದ್ರ ಉಲ್ಟಾ ಕಾಣ್ತಾನೆ. ಬೆಳಗಿನ ಆಕಾಶದಲ್ಲಿ ನಮಗೆ ಎಡಗಡೆ ಹೊಳೆಯೋ ಕೃಷ್ಣ ಪಕ್ಷದ ಚಂದ್ರ ಅವರಿಗೆ ಬಲಗಡೆ ಹೊಳೀತಾನೆ.

ಕೃಷ್ಣ ಪಕ್ಷದಲ್ಲಿ ನೋಡೋಕೆ ಏನಿರುತ್ತೆ, ಬರೀ ಕತ್ತಲು ತಾನೆ?

ಆ ಕತ್ತಲಿಗೋಸ್ಕರಾನೇ ಜನ ಕಾಯ್ತಾರೆ. ನಕ್ಷತ್ರ ನೋಡೋ ಹುಚ್ಚಿರೋರು, ಆಕಾಶಗಂಗೆ ಫೋಟೋ ತೆಗೆಯೋರು ಟ್ರಿಪ್ ಹಾಕೋದೇ ಬಹುಳ ದಶಮಿ ಮೇಲೆ. ದೊಡ್ಡ ದೂರದರ್ಶಕಗಳಲ್ಲೂ ಮಸುಕಾದ ಗೆಲಾಕ್ಸಿ ನೋಡೋರಿಗೆ ಅಮಾವಾಸ್ಯೆ ಸುತ್ತಮುತ್ತಲ ರಾತ್ರಿಗಳೇ ಬೇಕು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ದೂರದರ್ಶಕ ಇರೋ ಲಡಾಖಿನ ಹಾನ್ಲೆ ಸುತ್ತ ಕತ್ತಲು ಕಾಪಾಡೋಕೆ ಅಂತಾನೇ 2022ರಲ್ಲಿ ಜಾಗ ಮೀಸಲಿಟ್ರು.

ಅಷ್ಟು ದೂರ ಬೇಡ ಅನ್ನೋರು ನರಕ ಚತುರ್ದಶಿ ಬೆಳಗ್ಗೆ ಸ್ವಲ್ಪ ಬೇಗ ಏಳಿ. ಹಿಂದಿನ ಸಂಜೆ ನೀರು ತುಂಬೋ ಹಬ್ಬದಲ್ಲಿ ಉಜ್ಜಿ ಬೆಳಗಿದ ಹಂಡೆ, ಅದಕ್ಕೆ ಸುಣ್ಣ ಕೆಮ್ಮಣ್ಣಿನ ಪಟ್ಟೆ, ಒಲೆ ಉರೀತಿರುತ್ತೆ. ಅವತ್ತಿನ ಎಣ್ಣೆ ಸ್ನಾನಕ್ಕೆ ಶಾಸ್ತ್ರದಲ್ಲಿ ಹೇಳಿರೋ ಹೊತ್ತು ಬೆಳಗಿನ ಜಾವ ಚತುರ್ದಶಿ ಚಂದ್ರ ಹುಟ್ಟೋ ಹೊತ್ತು, ಆದ್ರೆ ಎಣ್ಣೆ ಹಚ್ಚಿಸ್ಕೊಂಡು ಕೂತಿರೋ ಯಾರೂ ತಲೆಯೆತ್ತಿ ಪೂರ್ವಕ್ಕೆ ನೋಡಲ್ಲ. 2024ರಲ್ಲಿ ನಾನು ನೆತ್ತಿಯಿಂದ ಎಣ್ಣೆ ಸುರೀತಿರುವಾಗಲೇ ಟೆರೇಸಿಗೆ ಓಡಿದ್ದೆ, ಐದೂವರೆ ಆಗಿತ್ತು. ಎದುರುಮನೆ ಸಿಂಟೆಕ್ಸ್ ಟ್ಯಾಂಕಿನ ಪಕ್ಕ, ಉಗುರು ಕತ್ತರಿಸಿ ಬಿಸಾಕಿದಷ್ಟು ತೆಳ್ಳಗೆ, ದೋಣಿ ಥರ ಮಲಗಿದ್ದ. ಉಳಿದ ಚಂದ್ರನೂ ಬೂದು ಬಣ್ಣದಲ್ಲಿ ಮಸುಕಾಗಿ ಕಾಣ್ತಿದ್ದ, ಅದು ಭೂಮಿಗೆ ಬಿದ್ದ ಬಿಸಿಲು ಅವನ ಮೇಲೆ ಹೋಗಿ ವಾಪಸ್ ಬರೋ ಬೆಳಕು. ಕೆಳಗಿಂದ ಅಮ್ಮ ‘ನೀರು ಆರೋಗುತ್ತೆ ಬಾರೋ’ ಅಂತ ಕೂಗಿದ್ರು, ಪಕ್ಕದ ರೋಡಲ್ಲಿ ಯಾರೋ ಮೊದಲ ಪಟಾಕಿ ಹಚ್ಚಿದ್ರು.